41 ಟನ್ ಲಾರಿಯನ್ನು ನಾನೇ ಅಳಿಸಿದ್ದೆ

ಹೊಸಪೇಟೆ ಕಡೆಯ ಹೆದ್ದಾರಿಯೊಂದರಲ್ಲಿ ಓಡುವ ಲಾರಿಗಳನ್ನು ತೂಗಲು ಡಾಂಬರಿನೊಳಗೆ ಪಟ್ಟಿಯಂಥ ಸೆನ್ಸರ್ ಹೂತಿದ್ದಾರೆ. ಅದರ ಡೇಟಾ ಸೋಸುವ ಕೆಲಸ ನನಗೆ ಬಂತು. ಹತ್ತು ಚಕ್ರದ ಲಾರಿಗೆ ಮಿತಿ ಸುಮಾರು 28 ಟನ್. 40 ದಾಟಿದ್ದು ಕಂಡರೆ ಸೆನ್ಸರ್ ಎಡವಟ್ಟು ಅಂತ ಆ ಸಾಲನ್ನೇ ಅಳಿಸುತ್ತಿದ್ದೆ. ಅದಿರು ಸಾಗಿಸೋ ಊರಲ್ಲಿ ಕೂತು ಹಾಗಂದುಕೊಂಡೆನಲ್ಲ! ಒಂದು ದಿನ ಅಂಥ ಲಾರಿಯೊಂದರ ವೇಬ್ರಿಡ್ಜ್ ಚೀಟಿ ಕೈಗೆ ಸಿಕ್ಕಿತು. ಸೆನ್ಸರ್ 41 ಅಂದಿತ್ತು. ಚೀಟಿಯಲ್ಲೂ 40ರ ಮೇಲೇ ಇತ್ತು.

ರಸ್ತೆ ಹಾಳು ಮಾಡೋದು ಇಂಥವೇ. ಆಕ್ಸಲ್, ಅಂದರೆ ಎರಡೂ ಬದಿಯ ಚಕ್ರ ಹಿಡಿದಿರುವ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಹೆಚ್ಚುಕಡಿಮೆ 16 ಪಟ್ಟು ಅಂತ ರಸ್ತೆ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅವನ್ನೇ ತೆಗೆದರೆ ಉಳಿದ ಡೇಟಾ ಯಾತಕ್ಕೆ?

ಆಮೇಲೆ ಸೆನ್ಸರ್ ಸರಿಯಿದೆಯಾ ಅಂತ ಪರೀಕ್ಷಿಸಲು, ಲೋಡ್ ಎಷ್ಟೇ ಇರಲಿ, ಲಾರಿಯಲ್ಲಿ ಬದಲಾಗದ್ದು ಏನು ಅಂತ ಹುಡುಕಿದೆ. ಹಿಂದಿನ ಜೋಡಿ ಆಕ್ಸಲ್‌ಗಳ ನಡುವಿನ ಅಂತರ ಸಿಕ್ಕಿತು. ಅದು ಕಂಪನಿಯಿಂದಲೇ ಹೆಚ್ಚುಕಡಿಮೆ 1.36 ಮೀಟರ್ ಇಟ್ಟು ಬಂದಿರುತ್ತದೆ. ನಮ್ಮ ಒಂದು ಲೇನಿನಲ್ಲಿ ಮಾತ್ರ ಎಲ್ಲ ಲಾರಿಗೂ 1.5ರ ಹತ್ತಿರ ಬರುತ್ತಿತ್ತು. ಲಾರಿಗಳೇನು ಆ ಲೇನಿಗೆ ಬಂದಾಗ ಉದ್ದ ಆಗ್ತಾವಾ?

ಪಟ್ಟಿ ಸೆನ್ಸರ್ ಟೈರಿಗಿಂತ ಕಿರಿದು. ಇಡೀ ಟೈರು ಒಂದೇ ಸಲ ಅದರ ಮೇಲೆ ಕೂರುವುದಿಲ್ಲ. ಹಾಗಾಗಿ ಸಿಗ್ನಲ್ಲನ್ನು ವೇಗದಿಂದ ಗುಣಿಸಿ ತೂಕ ತೆಗೆಯುತ್ತಾರೆ. ವೇಗ ತಪ್ಪಿದರೆ ಅಂತರವೂ ತಪ್ಪು, ತೂಕವೂ ತಪ್ಪು. ವೇಗ ಬರೋದು ಎರಡು ಪಟ್ಟಿಗಳ ನಡುವಿನ ದೂರವನ್ನು ಅದು ದಾಟಲು ಹಿಡಿದ ಸಮಯದಿಂದ ಭಾಗಿಸಿ. ಬೆಳಗ್ಗೆ ಐದೂವರೆಗೆ ಲೇನ್ ಮುಚ್ಚಿಸಿ ಟೇಪು ಹಿಡಿದೆವು. ಸರಿಯಾಗಿ 3 ಮೀಟರ್. ಲೆಕ್ಕ ಹಾಕುವ ಸೆನ್ಸರ್ ಪೆಟ್ಟಿಗೆಯೊಳಗೆ ನೋಡಿದರೆ 3.3 ಅಂತಿದೆ! ಡಾಂಬರು ಹೊಸದಾಗಿ ಹಾಕಿ ಸೆನ್ಸರ್ ಮತ್ತೆ ಕೂರಿಸಿದವರು ಹಳೇ ಅಂಕಿಯನ್ನು ಹಾಗೇ ಬಿಟ್ಟಿದ್ದರು. ತೂಕ ಗೊತ್ತಿರುವ ಲಾರಿ ಓಡಿಸಿ ನೋಡುವ ಕೆಲಸವನ್ನೂ ಯಾರೂ ಮಾಡಿರಲಿಲ್ಲ. ಆ ಲೇನಿನ ಪ್ರತಿ ಲಾರಿಯೂ ಸುಮ್ನೆ ಶೇಕಡಾ 10ರಷ್ಟು ಜಾಸ್ತಿ ತೂಗುತ್ತಿತ್ತು.

ಸೆನ್ಸರ್ ತಪ್ಪುವುದಕ್ಕೆ ಎರಡನೇ ಸಾಕ್ಷಿ ಖಾಲಿ ಲಾರಿಗಳು. ಅದಿರು ಇಳಿಸಿ ವಾಪಸ್ ಹೋಗುವ ಲೇನಿನಲ್ಲಿ ಗಂಟೆಗಂಟೆಯ ತೂಕ ಬಿಡಿಸಿ ನೋಡಿದೆ. ಮಧ್ಯಾಹ್ನ ಹನ್ನೆರಡಾದರೆ ಖಾಲಿ ಲಾರಿಯೂ ಭಾರ, ಸಂಜೆ ಮತ್ತೆ ಹಗುರ. ಬಳ್ಳಾರಿ ಸೀಮೆಯ ಬಿಸಿಲಲ್ಲಿ ಡಾಂಬರು ಮೆತ್ತಗಾಗುತ್ತದೆ, ಒತ್ತಿದರೆ ವಿದ್ಯುತ್ ಸಿಗ್ನಲ್ ಕೊಡುವ ನಮ್ಮ ಪೀಜೋ ಸೆನ್ಸರ್ ಕೂಡ ಕಾದಷ್ಟೂ ಜಾಸ್ತಿ ಸಿಗ್ನಲ್ ಕೊಡುತ್ತದೆ. ಇದನ್ನು ಉಷ್ಣಾಂಶ ನೋಡಿ ತಿದ್ದಿಕೊಳ್ಳಬಹುದು.

ಚಾಲಕರ ಜಾಣತನ ಮಾತ್ರ ತಿದ್ದಲಾಗದ್ದು. ಕೆಲವು ಲಾರಿಗಳಲ್ಲಿ ಬಲಗಡೆ ಭಾರ, ಎಡಗಡೆ ಏನೂ ಇಲ್ಲ ಅನ್ನುವಷ್ಟು ಕಮ್ಮಿ. ಚಹಾದಂಗಡಿಯಲ್ಲಿ ಒಬ್ಬರನ್ನು ಕೇಳಿದೆ. "ಎಡಗಡಿ ಗಾಲಿ ಮಣ್ಣಿಗಿ ಇಳಿಸಿದ್ರ ಅದಕ್ಕೇನು ಗೊತ್ತಾಗಂಗಿಲ್ಲ ಬಿಡ್ರಿ ಸರ" ಅಂತ ನಕ್ಕರು. ಬಲಗಡೆಯದನ್ನು ಎರಡರಿಂದ ಗುಣಿಸೋಣ ಅಂತ ಆಸೆಯಾಗುತ್ತದೆ. ನಾನು ಗುಣಿಸುವುದಿಲ್ಲ. "ಎಡಗಾಲಿ ತಪ್ಪಿದೆ" ಅಂತ ಪಕ್ಕದ ಕಾಲಮ್ಮಿನಲ್ಲಿ ಬರೆದು ಬಿಡುತ್ತೇನೆ.

ಈಗ ಯಾವ ಸಾಲನ್ನೂ ಅಳಿಸುವುದಿಲ್ಲ, ಗುರುತು ಮಾತ್ರ ಹಾಕುತ್ತೇನೆ. ಮೊದಲ ಮೂರು ವಾರ ಅಳಿಸಿದ್ದಕ್ಕೆ ಬೇರೆ ಪ್ರತಿ ಇಟ್ಟಿರಲಿಲ್ಲ, ಅದು ಹೋದದ್ದು ಹೋಯಿತು.