ಕೈತೋಟದ ಸಲಹೆಗೆ ದುಡ್ಡು ಬಂದಾಗ

ತಾರಸಿ ತೋಟದ ಬಗ್ಗೆ ಬರೆಯುವವರಿಗೆ ಕಂಪನಿಗಳು ದುಡ್ಡು ಕೊಡುತ್ತವೆ ಅಂದರೆ ನಮ್ಮ ಮೈಸೂರಿನಲ್ಲಿ ಇನ್ನೂ ಎಷ್ಟೋ ಜನ ನಂಬುವುದಿಲ್ಲ. ‘ಗೊಬ್ಬರಕ್ಕೂ ಜಾಹೀರಾತಾ?’ ಅಂತ ನಗುತ್ತಾರೆ. ಕೊಡುತ್ತವೆ, ನಾನೂ ತಗೊಂಡಿದ್ದೇನೆ. ಫೇಸ್‌ಬುಕ್ಕಿನಲ್ಲೋ ವಾಟ್ಸಾಪಿನಲ್ಲೋ ಯಾರಾದರೂ ಗಿಡದ ಫೋಟೋ ಹಾಕಿ ‘ಇದಕ್ಕೆ ಏನು ಮಾಡಲಿ’ ಅಂತ ಕೇಳುತ್ತಾರೆ. ನಾವು ಉತ್ತರ ಕೊಡುತ್ತಾ ಮಧ್ಯದಲ್ಲಿ ಕಂಪನಿಯ ಔಷಧಿ ಬಾಟಲಿಯ ಹೆಸರು ಸೇರಿಸಬೇಕು. ಕೆಲಸ ಅಷ್ಟೇ.

ನನಗೆ ಈ ಕೆಲಸ ತಂದವರು ಬೆಂಗಳೂರಿನ ಒಂದು ಏಜೆನ್ಸಿಯವರು. ಫೋಟೋ ಸಮೇತ ದೊಡ್ಡ ಪೋಸ್ಟಿಗೆ ಒಂದು ರೇಟು, ಬೇರೆಯವರ ಪ್ರಶ್ನೆಯ ಕೆಳಗೆ ಬರೆಯುವ ಉತ್ತರಕ್ಕೆ ಇನ್ನೊಂದು. ನನ್ನ ಕೂಪನ್ ಕೋಡ್ ಹಾಕಿ ಯಾರಾದರೂ ಕೊಂಡರೆ ಅದರ ಮೇಲೆ ಕಮಿಷನ್ನು. ಪೋಸ್ಟಿಗಿಂತ ಉತ್ತರಕ್ಕೇ ಅವರು ಜಾಸ್ತಿ ದುಂಬಾಲು ಬೀಳುತ್ತಿದ್ದರು. ಕಾರಣ ಸುಲಭ. ಪೋಸ್ಟು ನೋಡಿದರೆ ಜಾಹೀರಾತು ಅಂತ ಗೊತ್ತಾಗಿಬಿಡುತ್ತದೆ, ಜನ ಬೆರಳಲ್ಲಿ ಸರಿಸಿ ಮುಂದೆ ಹೋಗುತ್ತಾರೆ. ಉತ್ತರ ಹಾಗಲ್ಲ. ಸಾಕಿದ ಗಿಡ ಒಣಗ್ತಿದೆ ಅಂತ ಒದ್ದಾಡುತ್ತಿರುವವರ ಕಣ್ಣಿಗೇ ನೇರವಾಗಿ ಬೀಳುತ್ತದೆ. ಏಜೆನ್ಸಿ ಹುಡುಗ ಫೋನಿನಲ್ಲಿ ಹೇಳಿದ್ದು ಇದು: ‘ಮೇಡಂ, ಆ್ಯಡ್ ಥರ ಅನ್ನಿಸಬಾರದು. ಸುಮ್ನೆ ಮಾತಾಡ್ತಾ ಬಾಯಿಗೆ ಬಂದ ಹಾಗೆ ಇರ್ಲಿ.’

ಇದರಲ್ಲಿ ಏನು ತೊಂದರೆ ಅಂತ ಕೇಳಿದರೆ ದಾಸವಾಳದ ಗಿಡದಿಂದಲೇ ಹೇಳಬೇಕು. ಮೈಸೂರಿನಲ್ಲಿ ದಾಸವಾಳ ಇಲ್ಲದ ಕಾಂಪೌಂಡ್ ಕಮ್ಮಿ. ಬಿಸಿಲು ಏರುತ್ತಿದ್ದಂತೆ ಅದಕ್ಕೆ ಹಿಟ್ಟು ತಿಗಣೆ ಹತ್ತುತ್ತದೆ. ಚಿಗುರಿನ ತುದಿಯಲ್ಲಿ ಬಿಳಿ ಹತ್ತಿ ಮೆತ್ತಿದ ಹಾಗೆ ಕಾಣುವುದೇ ಅದು. ರಸ ಹೀರುತ್ತದೆ, ಎಲೆ ಮುದುಡುತ್ತದೆ. ಅದು ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತವೆ. ಆ ಅಂಟಿಗಾಗಿ ಇರುವೆಗಳೇ ತಿಗಣೆಯನ್ನು ಕಾವಲು ಕಾಯುತ್ತವೆ, ತಿನ್ನಲು ಬರುವ ಹುಳುಗಳನ್ನು ಓಡಿಸುತ್ತವೆ. ಹಾಗಾಗಿ ಮೊದಲು ಇರುವೆಯ ದಾರಿ ಮುಚ್ಚಬೇಕು. ಮುತ್ತಿದ ತುದಿಗಳನ್ನು ಕತ್ತರಿಸಿ ಸೋಪಿನ ನೀರಿನ ಬಕೆಟ್ಟಿಗೆ ಹಾಕಬೇಕು. ಉಳಿದಿದ್ದಕ್ಕೆ ಪೈಪಿನಲ್ಲಿ ಜೋರಾಗಿ ನೀರು ಹೊಡೆಯಬೇಕು. ಅಷ್ಟಕ್ಕೂ ಬಗ್ಗದಿದ್ದರೆ ಬೇವಿನೆಣ್ಣೆ. ತಿಗಣೆಯ ಮೈಮೇಲೆ ಮೇಣದ ಪುಡಿ ಇರುತ್ತದೆ, ಬರೀ ನೀರು ಜಾರಿಹೋಗುತ್ತದೆ. ಎಣ್ಣೆಯೂ ನೀರಿಗೆ ಬೆರೆಯುವುದಿಲ್ಲ. ಅದಕ್ಕೇ ಎಣ್ಣೆಯನ್ನು ಮೊದಲು ಸೋಪಿನ ನೀರಿನಲ್ಲಿ ಚೆನ್ನಾಗಿ ಕಲಸಿಕೊಳ್ಳಬೇಕು. ಹೊಡೆಯುವುದು ಸಂಜೆ ಹೊತ್ತು, ಯಾಕೆಂದರೆ ಬೇವಿನ ಸತ್ವ ಬಿಸಿಲಿಗೆ ಬೇಗ ಹಾಳಾಗುತ್ತದೆ.

ಇಷ್ಟೂ ಹೇಳಿದರೆ ಬಾಟಲಿಗೆ ಜಾಗ ಎಲ್ಲಿದೆ? ಕತ್ತರಿ, ಪೈಪು, ಸೋಪು ಎಲ್ಲರ ಮನೆಯಲ್ಲೂ ಇದೆ. ದುಡ್ಡು ತಗೊಂಡು ಬರೆಯುವಾಗ ಉತ್ತರ ತಾನಾಗಿಯೇ ಗಿಡ್ಡವಾಗುತ್ತದೆ. ಇರುವೆಯ ವಿಷಯ ಬಿಟ್ಟುಹೋಗುತ್ತದೆ, ಬಾಟಲಿ ಮೇಲಕ್ಕೆ ಬರುತ್ತದೆ. ಸುಳ್ಳು ಹೇಳಬೇಕಾಗಿಯೇ ಇಲ್ಲ. ಬಾಟಲಿ ಕೆಲಸ ಮಾಡುತ್ತದೆ, ಅದು ನಿಜವೇ. ಯಾವುದನ್ನು ಮೊದಲು ಹೇಳುತ್ತೇವೆ, ಯಾವುದನ್ನು ಬಿಡುತ್ತೇವೆ ಅನ್ನುವುದು ಮಾತ್ರ ಬದಲಾಗುತ್ತದೆ.

ಒಮ್ಮೆ ವಿಜಯನಗರದ ಒಬ್ಬ ಹುಡುಗಿ ಫೋಟೋ ಹಾಕಿದಳು. ‘ಅಕ್ಕಾ, ದೊಡ್ಡ ದೊಡ್ಡ ತಿಗಣೆ ಬಂದಿದೆ, ಅರ್ಜೆಂಟಾಗಿ ಏನಾದ್ರೂ ಹೇಳಿ.’ ಫೋಟೋ ದೊಡ್ಡದು ಮಾಡಿ ನೋಡಿದೆ. ಬಿಳಿ ನೂಲುಗಳು ಉದ್ದುದ್ದ ಇದ್ದವು. ‘ಕಡ್ಡಿಯಲ್ಲಿ ಮುಟ್ಟಿ ನೋಡು’ ಅಂದೆ. ‘ಸರಸರ ಓಡ್ತಿದೆ’ ಅಂದಳು. ತಿಗಣೆ ಹಾಗೆ ಓಡುವುದಿಲ್ಲ. ಅದು ಗುಲಗಂಜಿ ಹುಳುವಿನ ಜಾತಿಯ ಒಂದು ಮರಿ. ಕ್ರಿಪ್ಟೋಲೀಮಸ್ ಅಂತ ಹೆಸರು, ಮೂಲ ಆಸ್ಟ್ರೇಲಿಯಾದ್ದು. ಗಿಡದ ರಸ ಹೀರುವ ಕೀಟಗಳನ್ನು ತಿನ್ನಲಿ ಅಂತ 1898ರಲ್ಲಿ ನಮ್ಮ ದೇಶಕ್ಕೆ ತರಿಸಿದರು. ಮರಿಯಲ್ಲಿ ನೋಡಲು ಥೇಟ್ ತಿಗಣೆಯ ಥರವೇ, ತಿನ್ನುವುದೂ ತಿಗಣೆಯನ್ನೇ. ಆ ಹುಡುಗಿಗೆ ಕೊಡಬೇಕಾದ ಸರಿಯಾದ ಉತ್ತರ ಒಂದೇ: ‘ಏನೂ ಹೊಡೀಬೇಡ, ಸುಮ್ನೆ ಬಿಟ್ಟುಬಿಡು.’ ಹಾಗೇ ಬರೆದೆ. ಆ ಉತ್ತರಕ್ಕೆ ನನಗೆ ಒಂದು ಪೈಸೆಯೂ ಬರಲಿಲ್ಲ. ಬರುವಂತೆಯೂ ಇಲ್ಲ. ಏನೂ ಕೊಳ್ಳಬೇಡಿ ಅನ್ನುವ ಸಲಹೆಗೆ ದುಡ್ಡು ಕೊಡುವ ಕಂಪನಿ ಎಲ್ಲಿದೆ ಹೇಳಿ? ತೋಟದಲ್ಲಿ ಅರ್ಧಕ್ಕರ್ಧ ಸಲಹೆ ಅಂಥದ್ದೇ. ನೀರು ಕಮ್ಮಿ ಮಾಡಿ, ಕುಂಡ ಬಿಸಿಲಿಗೆ ಸರಿಸಿ, ಸ್ವಲ್ಪ ದಿನ ಕಾಯಿರಿ.

ಎರಡನೆಯ ತೊಂದರೆ ಗೊತ್ತಾಗಿದ್ದು ಕುಪ್ಪಣ್ಣ ಪಾರ್ಕಿನಲ್ಲಿ, ದಸರಾ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದಾಗ. ಸರಸ್ವತಿಪುರಂನ ಒಬ್ಬರು ಹಿರಿಯರು ಗುರುತು ಹಿಡಿದು ಮಾತಾಡಿಸಿದರು. ‘ಏನಮ್ಮಾ, ಆ ಬಾಟ್ಲಿಯೋರು ನಿಂಗೆ ಏನಾದ್ರೂ ಕೊಡ್ತಾರಾ?’ ಅಂತ ನೇರವಾಗಿ ಕೇಳಿದರು. ‘ಹೂಂ ಆಂಟಿ, ಕೊಡ್ತಾರೆ’ ಅಂದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. ಸ್ವಲ್ಪ ಯೋಚನೆ ಮಾಡಿ, ‘ಹಂಗಾದ್ರೆ ಹೋದ್ವರ್ಷ ಮಲ್ಲಿಗೆ ಸವರೋಕೆ ಹೇಳಿದ್ಯಲ್ಲ, ಅದಕ್ಕೂ ಯಾರೋ ಕೊಟ್ಟಿದ್ರಾ?’ ಅಂದರು. ನವೆಂಬರ್ ಕೊನೆಗೆ ಮಲ್ಲಿಗೆ ಸವರಿ ಅಂತ ಹೇಳೋಕೆ ಯಾರು ತಾನೇ ದುಡ್ಡು ಕೊಡುತ್ತಾರೆ! ಆದರೆ ಅವರ ಲೆಕ್ಕ ತಪ್ಪಲ್ಲ. ಒಂದಕ್ಕೆ ದುಡ್ಡು ತಗೊಂಡಿದ್ದು ಗೊತ್ತಾದರೆ ಹಿಂದೆ ಪುಕ್ಕಟೆ ಹೇಳಿದ್ದಕ್ಕೂ ಅನುಮಾನ ಅಂಟುತ್ತದೆ. ಕಂಪನಿ ಕೊಡುವ ರೇಟಿನಲ್ಲಿ ಈ ನಷ್ಟದ ಲೆಕ್ಕ ಇರುವುದಿಲ್ಲ. ಎಷ್ಟೋ ವರ್ಷ ಕೊಟ್ಟ ಉತ್ತರಗಳ ಮೇಲಿನ ನಂಬಿಕೆಯನ್ನು ಅವರು ಒಂದು ಉತ್ತರದ ರೇಟಿಗೆ ಕೊಂಡುಕೊಳ್ಳುತ್ತಾರೆ.

ಒಪ್ಪಂದದ ಕಾಗದದಲ್ಲಿ ಇನ್ನೊಂದು ಸಾಲು ಇತ್ತು. ಇಷ್ಟು ತಿಂಗಳು ಬೇರೆ ಕಂಪನಿಯ ಇಂಥದೇ ಸಾಮಾನಿನ ಹೆಸರು ಎತ್ತಬಾರದು. ಓದುವಾಗ ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಗೊಬ್ಬರದಂಗಡಿಯಲ್ಲಿ ಆ ಬಾಟಲಿಗಿಂತ ಕಮ್ಮಿ ಬೆಲೆಗೆ ಸಿಗುವ ಬೇವಿನೆಣ್ಣೆ ಬಗ್ಗೆ ಯಾರಾದರೂ ಕೇಳಿದರೆ ಬಾಯಿ ಮುಚ್ಚಿಕೊಂಡು ಕೂರಬೇಕು.

ಕಾನೂನೂ ಇದೆ, ಅದು ಬರೀ ಸಿನಿಮಾ ನಟರಿಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷದವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಯಂತೆ ಕಂಪನಿಗೂ ನಮಗೂ ಇರುವ ಸಂಬಂಧವನ್ನು ಓದುವವರಿಗೆ ತಿಳಿಸಲೇಬೇಕು. ದುಡ್ಡು ಮಾತ್ರ ಅಲ್ಲ, ಪುಕ್ಕಟೆ ಕೊಟ್ಟ ಸಾಮಾನೂ ಸಂಬಂಧವೇ. ಅಂದಮೇಲೆ ಆ ಹುಡುಗ ಹೇಳಿದ ‘ಆ್ಯಡ್ ಥರ ಅನ್ನಿಸಬಾರದು’ ಅನ್ನುವ ಮಾತೇ ನಿಯಮಕ್ಕೆ ಉಲ್ಟಾ. ಕೇಸಾದರೆ ಪೋಸ್ಟಿನ ಮೇಲೆ ಇರುವುದು ನನ್ನ ಹೆಸರು, ಅವನದ್ದಲ್ಲ.

ದುಡ್ಡಿನ ವಿಷಯ ಹೆಚ್ಚು ಹೇಳುವುದಿಲ್ಲ. ತಡವಾಗಿ ಬರುತ್ತದೆ, ಸ್ಕ್ರೀನ್‌ಶಾಟ್ ಕಳಿಸಿ ಕಳಿಸಿ ಸಾಕಾಗುತ್ತದೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು. ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್ ಕಿಟ್‌ನಂಥ ದುಬಾರಿ ಸಾಮಾನು ಪುಕ್ಕಟೆ ಬಂದು ನಮ್ಮಲ್ಲೇ ಉಳಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಹೀಗೆ ಕೊಡುವುದು ವರ್ಷಕ್ಕೆ 20,000 ರೂಪಾಯಿ ದಾಟಿದರೆ ಕೊಟ್ಟವರು 10% ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಕಟ್ಟಬೇಕು ಅಂತ 2022ರ ಜುಲೈಯಿಂದ ನಿಯಮ ಇದೆ.

ಈಗ ಬೇರೆಯವರ ಪ್ರಶ್ನೆಯ ಕೆಳಗೆ ದುಡ್ಡಿನ ಉತ್ತರ ಬರೆಯುವುದನ್ನು ಪೂರ್ತಿ ಬಿಟ್ಟಿದ್ದೇನೆ. ಪೋಸ್ಟ್ ಬೇಕಾದರೆ ಬರೆಯುತ್ತೇನೆ, ಅದೂ ನನ್ನದೇ ಪೇಜಿನಲ್ಲಿ. ಸಾಮಾನನ್ನು ಮೊದಲು ನನ್ನ ಗಿಡಗಳ ಮೇಲೆ ಹಾಕಿ ನೋಡುತ್ತೇನೆ. ‘ಇದು ಜಾಹೀರಾತು, ಕಂಪನಿಯವರು ದುಡ್ಡು ಕೊಟ್ಟಿದ್ದಾರೆ’ ಅಂತ ಮೊದಲ ಸಾಲಿನಲ್ಲೇ ಕನ್ನಡದಲ್ಲಿ ಬರೆಯುತ್ತೇನೆ. ಕೊನೆಯಲ್ಲಿ ಇಂಗ್ಲಿಷ್ ಹ್ಯಾಶ್‌ಟ್ಯಾಗುಗಳ ಮಧ್ಯೆ ತುರುಕುವುದಿಲ್ಲ. ಅದೇ ಕೆಲಸಕ್ಕೆ ಮನೆಯಲ್ಲೇ ಆಗುವ ಉಪಾಯ ಇದ್ದರೆ ಅದನ್ನೂ ಅಲ್ಲೇ ಹೇಳುತ್ತೇನೆ. ಬೇರೆ ಕಂಪನಿಯ ಹೆಸರು ಎತ್ತಬಾರದು ಅನ್ನುವ ಸಾಲನ್ನು ಪೆನ್ನಿನಲ್ಲಿ ಹೊಡೆದು ಕಳಿಸುತ್ತೇನೆ. ಈ ಷರತ್ತು ಕೇಳಿದ ಮೇಲೆ ಹೆಚ್ಚಿನವರು ವಾಪಸ್ ಫೋನ್ ಮಾಡುವುದಿಲ್ಲ. ಮಾಡುವವರು ಸಾಮಾನ್ಯವಾಗಿ ಸಣ್ಣ ನರ್ಸರಿಯವರು, ಎರೆಗೊಬ್ಬರ ಮಾಡುವವರು. ಅವರ ಕೈಯಲ್ಲಿ ದುಡ್ಡು ಕಮ್ಮಿ. ಆದರೆ ಹೇಳಿದ ದಿನಕ್ಕೆ ಕೊಡುತ್ತಾರೆ.