ಹಳೆಯ ಟ್ರಾನ್ಸ್‌ಫಾರ್ಮರ್‌ಗೆ ಎಸ್ಟರ್ ಎಣ್ಣೆ ತುಂಬಿದ ನನ್ನ ಅನುಭವ

ಪೀಣ್ಯದ ಕಾರ್ಖಾನೆಯೊಂದರ ಒಳಗೆ, ಗೋಡೆಗೆ ಅಂಟಿಕೊಂಡಂತೆ ನಿಂತಿದ್ದ 500 ಕೆವಿಎ, 11 ಕೆವಿ ಟ್ರಾನ್ಸ್‌ಫಾರ್ಮರ್‌ನ ಮಿನರಲ್ ಆಯಿಲ್ (ಪೆಟ್ರೋಲಿಯಂ ಎಣ್ಣೆ) ತೆಗೆದು, ಸುಲಭಕ್ಕೆ ಬೆಂಕಿ ಹತ್ತದ ಸಸ್ಯಜನ್ಯ ಎಸ್ಟರ್ ಎಣ್ಣೆ ತುಂಬುತ್ತೇನೆಂದಾಗ, ನಮ್ಮ ವೃತ್ತಿಯ ಹಿರಿಯರೇ ಒಂದು ಮಳೆಗಾಲದೊಳಗೆ ಕಾಯಿಲ್ ಸುಟ್ಟುಹೋಗುತ್ತದೆ ಎಂದಿದ್ದರು. ಈಗ ನಾಲ್ಕು ಮಳೆಗಾಲಗಳು ಕಳೆದಿವೆ, ಕಾಯಿಲ್ ಹಾಗೆಯೇ ಇದೆ.

ಮೊದಲ ಸಲ ನಾನು ಸೋತದ್ದು ಉಳಿಕೆ ಎಣ್ಣೆಯಿಂದ. ವಾಲ್ವ್‌ನಲ್ಲಿ ಹನಿ ನಿಂತ ಕೂಡಲೇ ಟ್ಯಾಂಕ್ ಬರಿದಾಯಿತೆಂದು ನಂಬಿದೆ. ಆದರೆ ಕಾಯಿಲ್‌ನ ಕಾಗದ ಮತ್ತು ಪ್ರೆಸ್‌ಬೋರ್ಡ್ ಹೀರಿಕೊಂಡಿದ್ದ ಹಳೆಯ ಎಣ್ಣೆ ಹೊಸದರಲ್ಲಿ ಬೆರೆತು, 350 ಡಿಗ್ರಿಯ ಆಸುಪಾಸಿನಲ್ಲಿರಬೇಕಾದ ಫೈರ್ ಪಾಯಿಂಟ್, ಅಂದರೆ ಎಣ್ಣೆ ಹೊತ್ತಿ ಉರಿಯತೊಡಗುವ ಉಷ್ಣತೆ, ಲ್ಯಾಬ್ ವರದಿಯಲ್ಲಿ ಸುಮಾರು 250ಕ್ಕೆ ಇಳಿದಿತ್ತು. 300 ದಾಟದಿದ್ದರೆ ಈ ಕೆಲಸಕ್ಕೆ ಅರ್ಥವೇ ಇಲ್ಲ. ಸುಮಾರು 450 ಲೀಟರ್ ಎಣ್ಣೆ, ಅಂದರೆ ಒಂದೂಕಾಲು ಲಕ್ಷ ರೂಪಾಯಿ, ನನ್ನ ಕೈಯಿಂದಲೇ ಹೋಯಿತು.

ಎರಡನೆಯ ಸಲ ಟ್ಯಾಂಕನ್ನು ತುಸು ವಾಲಿಸಿ, ಒಣ ನೈಟ್ರೋಜನ್ ತುಂಬಿ, ಒಂದು ಹಗಲು ಒಂದು ರಾತ್ರಿ ಹನಿಯಲು ಬಿಟ್ಟೆ. ಆಮೇಲೆ ಬಿಸಿ ಎಸ್ಟರ್‌ನಿಂದಲೇ ಕಾಯಿಲ್ ತೊಳೆದು, ಆ ಎಣ್ಣೆಯನ್ನೂ ಹೊರಹಾಕಿ, ವ್ಯಾಕ್ಯೂಮ್‌ನಲ್ಲಿ ತುಂಬಿದೆ. ತೊಳೆಯುವ ಉಷ್ಣತೆ ಮತ್ತು ಸರದಿಯನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿದಿದೆ. ಅದು ನನ್ನಲ್ಲೇ ಇರಲಿ. ಉಳಿಕೆ 7 ಶೇಕಡಾಕ್ಕಿಂತ ಕೆಳಗಿಳಿಯಿತು, ಫೈರ್ ಪಾಯಿಂಟ್ 320 ದಾಟಿತು.

ಗ್ಯಾಸ್ಕೆಟ್‌ಗಳನ್ನೆಲ್ಲ ಹೊಸ ನೈಟ್ರೈಲ್‌ಗೆ ಬದಲಿಸಿದೆ. ಗಾಳಿ ಈ ಎಣ್ಣೆಗೆ ಶತ್ರು. ಒರೆಸದೆ ಬಿಟ್ಟಿದ್ದ ಫಿಲ್ಟರ್ ಯಂತ್ರದ ಹೋಸ್ ಬಾಯಿ ಕೆಲವು ವಾರಗಳಲ್ಲಿ ಬೆಲ್ಲದ ಪಾಕದಂತೆ ಜಿಗುಟಾಗಿ, ಬೆರಳಿಗೆ ನೂಲೆಳೆಯುತ್ತಿದ್ದುದನ್ನು ಕಂಡ ಮೇಲೆ, ಟ್ಯಾಂಕಿನ ಮೇಲಿರುವ ಎಣ್ಣೆಯ ಡಬ್ಬಿಯಾದ ಕನ್ಸರ್ವೇಟರ್‌ನೊಳಗೆ ಗಾಳಿ ಎಣ್ಣೆಗೆ ತಾಗದಂತೆ ರಬ್ಬರ್ ಚೀಲ ಹಾಕಿಸದೆ ನಾನು ಯಾವ ಕೆಲಸವನ್ನೂ ಒಪ್ಪಿಲ್ಲ.

ಆರು ತಿಂಗಳ ನಂತರ ಎಣ್ಣೆಯ ತೇವಾಂಶ 150 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 150 ಪಾಲು) ಬಂದಾಗ ಕಾರ್ಖಾನೆಯ ಎಂಜಿನಿಯರ್ ಲೈನ್ ಆಫ್ ಮಾಡಲು ಹೊರಟಿದ್ದರು. ಮಿನರಲ್ ಆಯಿಲ್ ಆಗಿದ್ದರೆ ಅವರ ಮಾತು ಸರಿ. ಆದರೆ ಎಸ್ಟರ್ ಕೋಣೆಯ ಉಷ್ಣತೆಯಲ್ಲೇ ಸುಮಾರು 1000 ಪಿಪಿಎಂ ನೀರನ್ನು ಕರಗಿಸಿಕೊಳ್ಳುತ್ತದೆ. ಹಳೆಯ ಕಾಗದದ ತೇವ ಎಣ್ಣೆಗೆ ಬಂದಿತ್ತು, ಅಷ್ಟೇ. ಅವರೆದುರೇ ಪರೀಕ್ಷಿಸಿದಾಗ ಬಿಡಿವಿ, ಅಂದರೆ ಎಣ್ಣೆ ತಡೆಯಬಲ್ಲ ವೋಲ್ಟೇಜ್, 60 ಕೆವಿ ಮೇಲಿತ್ತು. ಎಣ್ಣೆ ಮಂದವಾದ್ದರಿಂದ ಟಾಪ್ ಆಯಿಲ್ ಉಷ್ಣತೆ ಮೂರು ನಾಲ್ಕು ಡಿಗ್ರಿ ಏರಿದ್ದು ನಿಜ.

ನಡುವೆ ಹೊಂಗೆ ಎಣ್ಣೆಯನ್ನೂ ಒಂದು ಕ್ಯಾನ್‌ನಲ್ಲಿ ಬಿಸಿಮಾಡಿ ನೋಡಿದೆ. ಆಮ್ಲೀಯತೆ ಬೇಗ ಏರಿ ಬಣ್ಣ ಕಪ್ಪಾಯಿತು. ಇನ್ನೊಮ್ಮೆ ಶುದ್ಧೀಕರಿಸಿ ಪ್ರಯತ್ನಿಸುವ ಆಸೆ ಉಳಿದಿದೆ.

ಯಾರಾದರೂ ಮಟ್ಟ ಇಳಿದಿದೆಯೆಂದು ಹಳೆಯ ಎಣ್ಣೆ ಸುರಿದಾರೆಂದು, ಟ್ಯಾಂಕಿನ ಮೇಲೆ ಕೆಂಪು ಬಣ್ಣದಲ್ಲಿ ‘ಮಿನರಲ್ ಆಯಿಲ್ ಹಾಕಬೇಡಿ’ ಎಂದು ನಾನೇ ಬರೆದು ಬಂದಿದ್ದೇನೆ.