ಹೊಸ ರೀಫ್ ಟ್ಯಾಂಕಿನಲ್ಲಿ ಕಂದು ಪಾಚಿಯೇ? ಮೊದಲು ನೀರು ನೋಡಿ

ಹೊಸ ರೀಫ್ ಟ್ಯಾಂಕಿನ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಮರಳು, ಗಾಜಿನ ಮೇಲೆ ಕಂದು ಪುಡಿ ಉದುರಿಸಿದ ಹಾಗೆ ಕಂಡು, ಒರೆಸಿದರೆ ಧೂಳಿನಂತೆ ಎದ್ದುಹೋದರೆ ಅದು ಬಹುತೇಕ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಅದಕ್ಕೆ ಬೇಕಾದ ಸಿಲಿಕೇಟ್ (ನೀರಲ್ಲಿ ಕರಗಿದ ಸಿಲಿಕಾ) ಹೊಸ ಮರಳು, ಕಲ್ಲು, ನಲ್ಲಿ ನೀರಿನಿಂದ ಬರುತ್ತದೆ. ಆ ಸಿಲಿಕೇಟ್ ತೀರಿದರೆ ಕೆಲವೇ ವಾರಗಳಲ್ಲಿ ಪಾಚಿ ತಾನೇ ಇಳಿಯುತ್ತದೆ. ಪಾಚಿ ಔಷಧಿ ಸುರಿಯುವ ಗೋಜಿಗೆ ಹೋಗಬೇಡಿ.

ಆರ್‌ಓ-ಡಿಐ ನೀರನ್ನೇ (ಆರ್‌ಓ ಫಿಲ್ಟರ್ ಆದ ಮೇಲೆ ಉಳಿದ ಲವಣವನ್ನೂ ರೆಸಿನ್‌ನಲ್ಲಿ ತೆಗೆದ ನೀರು) ಬಳಸಿ, ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) 0 ಇರಲಿ. ಆದರೆ ಟಿಡಿಎಸ್ ಮೀಟರನ್ನು ಪೂರ್ತಿ ನಂಬಬೇಡಿ: ಡಿಐ ರೆಸಿನ್ ಸವೆಯುತ್ತ ಬಂದಾಗ ಮೊದಲು ನುಸುಳುವುದು ಸಿಲಿಕೇಟೇ, ಮೀಟರ್ ಆಗಲೂ 0 ತೋರಿಸಬಹುದು. ಲೈಟ್ ದಿನಕ್ಕೆ 6–7 ಗಂಟೆ ಸಾಕು. ವಾರಕ್ಕೊಮ್ಮೆ 10% ನೀರು ಬದಲಿಸುವಾಗ ಮರಳಿನ ಮೇಲ್ಪದರವನ್ನಷ್ಟೇ ಸಣ್ಣ ಪೈಪಿನಿಂದ ಎಳೆಯಿರಿ.

ಗುಳ್ಳೆ ಹಿಡಿದ ಲೋಳೆ ಎಳೆಗಳು ಕಂಡರೆ ಡೈನೋಫ್ಲಾಜೆಲೇಟ್ ಎಂಬ ಬೇರೆ ಸೂಕ್ಷ್ಮಜೀವಿ ಇರಬಹುದು. ಆಗ ನೈಟ್ರೇಟ್, ಫಾಸ್ಫೇಟ್ ಅಳೆಯಿರಿ. ಎರಡೂ 0 ಇದ್ದರೆ ನೀರು ಬದಲಿಸಿದಷ್ಟೂ ಕಾಟ ಹೆಚ್ಚು.